ಬೋರ್ಡಿನ ಮೇಲೆ ಕಣ್ಣಕ್ಕನ ನಂಬರು

ನಮ್ಮ ಸ್ಟುಡಿಯೋಗೆ ಬರುವವರಲ್ಲಿ ಅರ್ಧಕ್ಕರ್ಧ ಜನಕ್ಕೆ ಯಜಮಾನರ ಹೆಸರು ಗೊತ್ತಿರಲಿಲ್ಲ. ನನ್ನ ಹೆಸರನ್ನಂತೂ ಯಾರೂ ಕೇಳಿದವರಲ್ಲ. ಒಳಗೆ ಕಾಲಿಟ್ಟವರೇ, "ಕಣ್ಣಕ್ಕ ಇದ್ದಾರಾ?" ಎನ್ನುತ್ತಿದ್ದರು. ಇದ್ದಾರೆ, ಒಳಗಿನ ಕೋಣೆಯಲ್ಲಿದ್ದಾರೆ, ಬಾಗಿಲು ಎಳೆದುಕೊಂಡು ಹೋಗಿ ಎಂದು ನಾನು ಗಾಜಿನಿಂದ ತಲೆ ಎತ್ತದೆ ಹೇಳುತ್ತಿದ್ದೆ. ನಾನು ಅಲ್ಲಿ ಫೋಟೋಗೆ ಫ್ರೇಮು ಹಾಕುವವನು. ಬಾಗಿಲ ಪಕ್ಕದ ಮೇಜು ನನ್ನದು. ಗಾಜು ಗೀಚದಿರಲಿ ಎಂದು ಹಾಸಿದ ಹಳೆಯ ಕಂಬಳಿ, ಗಾಜು ಕೊಯ್ಯುವ ಕಡ್ಡಿ, ಮೊಳೆ ಡಬ್ಬಿ, ಮತ್ತು ನನ್ನ ಬಾಯಿ. ಇಷ್ಟೇ ನನ್ನ ಆಸ್ತಿ. ಬಾಯಿ ಸ್ವಲ್ಪ ಜಾಸ್ತಿಯಾಯಿತು ಅಂತ ನನ್ನ ಹೆಂಡತಿ ಹೇಳುತ್ತಲೇ ಇದ್ದಳು. ಅವಳು ಹೇಳಿದ್ದು ನಿಜ ಎಂದು ಒಪ್ಪಿಕೊಳ್ಳಲು ನನಗೆ ಅರವತ್ತು ವರ್ಷ ಬೇಕಾಯಿತು.

ಕಣ್ಣಕ್ಕ ನನ್ನ ಮಗಳಿಗಿಂತ ಎರಡು ವರ್ಷ ದೊಡ್ಡವಳು, ಅಷ್ಟೆ. ಆದರೂ ಹಲ್ಲಿಲ್ಲದ ಮುದುಕರಿಗೂ ಅವಳು ಅಕ್ಕ. ಫೋಟೋದಲ್ಲಿ ಕಣ್ಣು ಮುಚ್ಚಿಕೊಂಡವರಿಗೆ ಕಣ್ಣು ತೆರೆಸಿಕೊಡುವುದು ಅವಳ ಕೆಲಸ. ಹರಿದದ್ದು, ನೀರು ಬಿದ್ದದ್ದು, ಅರ್ಧ ಮುಖ ಯಾರದೋ ಬೆರಳ ಹಿಂದೆ ಹೋದದ್ದು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಸರಿಮಾಡುತ್ತಿದ್ದಳು. ಆದರೆ ಹೆಸರು ಬಂದದ್ದು ಕಣ್ಣಿನಿಂದ. ಕ್ಯಾಮೆರಾ ಕಂಡರೆ ಓಡುತ್ತಿದ್ದ ಮನುಷ್ಯ ಸತ್ತ ಮೇಲೆ ಮನೆಯವರೆಲ್ಲ ಹುಡುಕಿದರೆ ಸಿಗುವುದು ಒಂದೇ ಫೋಟೋ. ಅದರಲ್ಲೂ ಪುಣ್ಯಾತ್ಮ ಸರಿಯಾಗಿ ಆ ಗಳಿಗೆಗೇ ಕಣ್ಣು ಮಿಟುಕಿಸಿರುತ್ತಾನೆ.

ಅಂಥವರು ಬಂದರೆ ಅವಳ ಮೊದಲ ಪ್ರಶ್ನೆ ಒಂದೇ. "ಇವರ ಕಣ್ಣು ಮನೇಲಿ ಯಾರಿಗೆ ಬಂದಿದೆ?" ಯಾರಿಗೆ ಬಂದಿದೆಯೋ ಅವರನ್ನು ಕೂರಿಸಿ, ಅದೇ ಕಡೆಯಿಂದ ಬೆಳಕು ಬೀಳುವಂತೆ ಫೋಟೋ ತೆಗೆದು, ಆ ಕಣ್ಣನ್ನು ಸತ್ತವರ ಮುಖಕ್ಕೆ ಕೂರಿಸಿ, ಸುಕ್ಕು ಸೇರಿಸಿ, ರೆಪ್ಪೆಗೆ ವಯಸ್ಸು ಕೊಡುತ್ತಿದ್ದಳು. ಒಮ್ಮೆ ಇಬ್ಬರು ಅಣ್ಣತಮ್ಮಂದಿರು ಅಮ್ಮನ ಕಣ್ಣು ತನಗೆ ಬಂದಿದೆ, ತನಗೆ ಬಂದಿದೆ ಎಂದು ನನ್ನ ಮೇಜಿನ ಮುಂದೆಯೇ ಕೈ ಕೈ ಮಿಲಾಯಿಸುವ ಹಾಗಾಗಿದ್ದರು. ಕಣ್ಣಕ್ಕ ಇಬ್ಬರನ್ನೂ ದಿಟ್ಟಿಸಿ ನೋಡಿ, "ನಿಮ್ಮಿಬ್ಬರಿಗೂ ಬಂದಿಲ್ಲ. ತಂಗಿ ಇದಾಳಾ?" ಎಂದಳು. ತಂಗಿ ಇದ್ದಳು, ಇವರು ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಕೊನೆಗೆ ಅವಳನ್ನು ಕರೆತಂದೇ ಫೋಟೋ ಆಯಿತು. ಆವತ್ತು ಮೂವರೂ ಒಳಗಿನ ಕೋಣೆಯಲ್ಲಿ ಅತ್ತದ್ದು ಕೇಳಿ ನಾನು ಒಂದು ಒಳ್ಳೆಯ ಗಾಜನ್ನು ವಾರೆಯಾಗಿ ಕೊಯ್ದು ಹಾಳುಮಾಡಿದೆ.

ಕೆಲಸ ಮಾಡುವಾಗ ಅವಳು ಫೋಟೋದಲ್ಲಿದ್ದವರ ಜೊತೆ ಮಾತಾಡುತ್ತಿದ್ದಳು. "ಅಜ್ಜ, ಇನ್ನೊಂಚೂರು ತಡ್ಕೊಳಿ, ಆಯ್ತು." "ಇದೇನಮ್ಮ, ಇಷ್ಟು ಚೆಂದದ ಹುಬ್ಬು ಇಟ್ಕೊಂಡು ಕಣ್ಣು ಮುಚ್ಚಿದೀಯಾ?" ನಾನು ಹೊರಗಿನಿಂದ, "ಉತ್ತರ ಕೊಟ್ರೆ ನನ್ನನ್ನೂ ಕರಿ" ಎಂದು ಕೂಗುತ್ತಿದ್ದೆ. ನಗುತ್ತಿದ್ದಳು. ಆ ನಗು ಈಗಲೂ ನನಗೆ ಕೇಳಿಸುತ್ತದೆ, ಅದಕ್ಕೇ ಇದನ್ನು ಬರೆಯುತ್ತಿರುವುದು.

ಜನ ಫೋಟೋಗಳನ್ನು ಕೈಯಲ್ಲಿ ತರುವುದು ನಿಂತು ಫೋನಿನಲ್ಲೇ ಕಳಿಸುವ ಕಾಲ ಬಂತು. ಯಜಮಾನರು ಅಂಗಡಿಯ ಬೋರ್ಡಿಗೆ ಹೊಸ ಬಣ್ಣ ಹೊಡೆಸಿ, "ಹಳೆಯ ಫೋಟೋಗಳನ್ನು ಈ ನಂಬರಿಗೆ ಕಳಿಸಿ" ಎಂದು ಬರೆಸಿದರು. ಕೆಳಗೆ ಒಂದೊಂದು ಅಡಿ ಎತ್ತರದ ಅಂಕೆಗಳಲ್ಲಿ ಕಣ್ಣಕ್ಕನ ಸ್ವಂತ ನಂಬರು. ಅಂಗಡಿಗೇ ಬೇರೆ ಫೋನು ತರುತ್ತೇನೆ, ಅಲ್ಲಿಯವರೆಗೆ ಇದಿರಲಿ ಎಂದಿದ್ದರು. ಬೇರೆ ಫೋನು ಬರಲಿಲ್ಲ. ಎದುರಿನ ಬಸ್ ನಿಲ್ದಾಣದಲ್ಲಿ ನಿಂತವರು, ಔಷಧದಂಗಡಿಯ ಸಾಲಿನಲ್ಲಿದ್ದವರು, ಸಿಗ್ನಲ್ಲಿಗೆ ಕಾಯುವ ಆಟೋದವರು, ಎಲ್ಲರಿಗೂ ಆ ಹತ್ತು ಅಂಕೆ ಬಾಯಿಪಾಠವಾಗುವಷ್ಟು ದೊಡ್ಡದಾಗಿ ಕಾಣುತ್ತಿದ್ದವು.

ಮೊದಮೊದಲು ಅವಳಿಗೆ ಅದೇ ಒಂದು ಹಬ್ಬ. ಎಲ್ಲೆಲ್ಲಿಂದಲೋ ಫೋಟೋ ಬರುತ್ತಿದ್ದವು. ಅಕ್ಷರ ಬಾರದವರು ಮಾತಿಲ್ಲದೆ ಬರೀ ಫೋಟೋ ಕಳಿಸುತ್ತಿದ್ದರು, ಇವಳೇ ತಿರುಗಿ ಫೋನು ಮಾಡಿ ಯಾರು ಏನು ಎಂದು ವಿಚಾರಿಸುತ್ತಿದ್ದಳು. ಬಂದ ಪ್ರತಿ ಚಿತ್ರವನ್ನೂ ತೆರೆದು ನೋಡುವುದು ಅವಳ ನೇಮ. "ಯಾರೋ ತಮ್ಮ ಮನೆಯವರನ್ನ ನಮ್ಮ ಬಾಗಿಲಿಗೆ ಕಳಿಸಿರ್ತಾರೆ ಅಣ್ಣ, ಬನ್ನಿ ಅನ್ನದೇ ಇರಕ್ಕಾಗತ್ತಾ?" ಎನ್ನುತ್ತಿದ್ದಳು.

ಒಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಾನು ಅಂಟು ಕೇಳಲು ಒಳಗೆ ಹೋದರೆ, ಅವಳು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ, ಅದರಿಂದ ದೂರ ಕುರ್ಚಿ ಎಳೆದುಕೊಂಡು ಕೂತಿದ್ದಳು.

"ಏನಮ್ಮ, ದೆವ್ವ ನೋಡ್ದೋರ ಹಾಗೆ ಕೂತಿದೀಯಾ?"

"ಒಂದು ಫೋಟೋ ಬಂತು ಅಣ್ಣ."

"ಯಾರದ್ದು?"

"ಯಾರದ್ದೂ ಅಲ್ಲ," ಎಂದು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು.

ನನಗೆ ಅರ್ಥವಾಗಲು ಎರಡು ದಿನ ಹಿಡಿಯಿತು. ಯಾವನೋ ತನ್ನ ಬತ್ತಲೆ ಮೈಯ ಚಿತ್ರ ತೆಗೆದು ಕಳಿಸಿದ್ದ. ಮಾರನೆಯ ದಿನ ಇನ್ನೊಂದು. ಆ ನಂಬರನ್ನು ತಡೆದರೆ ಬೇರೆ ನಂಬರಿನಿಂದ ಮತ್ತೊಂದು. ಅವಳು ಯಜಮಾನರಿಗೆ ಹೇಳಿದಳು. ಅವರು ಹಲ್ಲು ಕಿರಿದು, "ಹುಚ್ಚುನಾಯಿಗಳು ಎಲ್ಲ ಕಡೆ ಇರ್ತವಮ್ಮ, ಡಿಲೀಟ್ ಮಾಡಿ ಕೆಲಸ ನೋಡು" ಎಂದರು. ನನಗೂ ಹೇಳಿದಳು. ನಾನು ದೊಡ್ಡ ಬುದ್ಧಿವಂತನ ಹಾಗೆ, "ಆನೆ ಹೋಗ್ತಾ ಇದ್ರೆ ನಾಯಿ ಬೊಗಳ್ತಾನೇ ಇರತ್ತೆ, ಅಳಿಸಿ ಬಿಸಾಕು" ಎಂದೆ.

"ಬೊಗಳಿದ್ರೆ ಕಿವಿ ಮುಚ್ಕೋಬಹುದು ಅಣ್ಣ," ಎಂದಳು. "ನಂದು ಕಣ್ಣಿನ ಕೆಲಸ."

ನಮ್ಮ ಮಾತು ಕೇಳಿ ಅವಳು ಎಲ್ಲವನ್ನೂ ಅಳಿಸಿದಳು, ಬಂದಬಂದ ಹಾಗೆ, ಒಂದನ್ನೂ ಉಳಿಸದೆ.

ಅವಳ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮಾತು ಕಡಿಮೆ, ಕೆಟ್ಟವನಲ್ಲ. ಮೊದಲು ಆ ನಂಬರುಗಳಿಗೆ ಫೋನು ಮಾಡಿ ಬಾಯಿಗೆ ಬಂದ ಹಾಗೆ ಬೈದ. ಅದರಿಂದ ಆದದ್ದೇನೆಂದರೆ, ಕಳಿಸುವವನಿಗೆ ತನ್ನ ಬಾಣ ಎಲ್ಲಿ ನಾಟಿದೆ ಎಂದು ಗೊತ್ತಾಯಿತು. ಆ ವಾರ ಮೂರು ಹೆಚ್ಚು ಬಂದವು. ಆಮೇಲೆ ಗಂಡ ಸಂಜೆ ಮನೆಗೆ ಬಂದ ಕೂಡಲೇ ಕೈ ಒರೆಸಿಕೊಂಡು ಅವಳ ಫೋನು ತೆಗೆದು ನೋಡುವ ಅಭ್ಯಾಸ ಮಾಡಿಕೊಂಡ. "ಇವತ್ತು ಎಷ್ಟು ಬಂತು?" ಎನ್ನುವುದು ಕ್ರಮೇಣ "ಇವತ್ತೂ ತೆರೆದು ನೋಡಿದ್ಯಾ?" ಎಂದಾಯಿತು.

"ತೆರೀದೇ ಯಾರ ಫೋಟೋ ಅಂತ ಹೇಗೆ ಗೊತ್ತಾಗ್ಬೇಕು?" ಎಂದು ಅವಳು ಕೇಳಿದಳಂತೆ.

"ಬೇರೆ ಹೆಂಗಸರಿಗೆ ಬರಲ್ಲ, ನಿನಗೇ ಯಾಕೆ ಬರತ್ತೆ?"

ಅವಳ ಅತ್ತೆ ಪಕ್ಕದಲ್ಲೇ ಬಟ್ಟೆ ಮಡಿಸುತ್ತಿದ್ದರಂತೆ. ಮುಳ್ಳು ಬಟ್ಟೆ ಮೇಲೆ ಬಿದ್ದರೂ, ಬಟ್ಟೆ ಮುಳ್ಳಿನ ಮೇಲೆ ಬಿದ್ದರೂ ಹರಿಯೋದು ಬಟ್ಟೇನೇ ಕಣಮ್ಮ, ಕೆಲಸ ಬಿಟ್ಟುಬಿಡು ಎಂದರಂತೆ. ಈ ಗಾದೆ ಮಾಡಿದವನ ಮೈಗೆ ಯಾರಾದರೂ ಒಂದು ಮುಳ್ಳು ಚುಚ್ಚಬೇಕಿತ್ತು. ಇದನ್ನೆಲ್ಲ ಅವಳು ನನಗೆ ಹೇಳಿದ್ದು ಯಾವುದೋ ಫೋಟೋದ ಹಿಂದೆ ಹಾರ್ಡ್‌ಬೋರ್ಡು ಕೂರಿಸಲು ಹಿಡಿದುಕೊಂಡಿದ್ದಾಗ, ನನ್ನ ಮುಖ ನೋಡದೆ. ಆಮೇಲೆ ಮನೆಯಲ್ಲಿ ಅವಳು ಏನನ್ನೂ ಹೇಳುವುದು ಬಿಟ್ಟಳು.

ಆ ಮೇಲೆ ಬಂದದ್ದು ಎಲ್ಲಕ್ಕಿಂತ ಕೆಟ್ಟದ್ದು. ಒಂದು ಹೊಸ ನಂಬರಿನಿಂದ ಮೊದಲು ಮಾತು ಬಂತು: "ಅಕ್ಕ, ನಮ್ಮ ತಾಯಿಯ ಕೊನೆಯ ಫೋಟೋ, ದಯವಿಟ್ಟು ನೋಡಿ." ಅವಳು ಕೈ ಒರೆಸಿಕೊಂಡು ತೆರೆದಳು. ಚಿತ್ರದಲ್ಲಿ ಇದ್ದದ್ದು ಅವಳದೇ ಮುಖ, ಯಾರದೋ ಬತ್ತಲೆ ದೇಹದ ಮೇಲೆ.

ಆವತ್ತು ಅವಳು ಅಳಲಿಲ್ಲ. ಹೊರಗೆ ಬಂದು ನನ್ನ ಮೇಜಿನಿಂದ ಫೋಟೋ ಸುತ್ತ ಹಾಕುವ ದಪ್ಪ ಕಾಗದದ ಎರಡು ತುಂಡು ತೆಗೆದುಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ನನ್ನನ್ನು ಕರೆದಳು. ಫೋನಿನ ಪರದೆಯನ್ನು ಆ ಎರಡು ಕಾಗದದಿಂದ ಮೇಲೂ ಕೆಳಗೂ ಮುಚ್ಚಿ, ನಡುವೆ ಒಂದು ಬೆರಳಗಲ ಮಾತ್ರ ಬಿಟ್ಟಿದ್ದಳು.

"ಅಣ್ಣ, ಕತ್ತು ಮಾತ್ರ ನೋಡಿ. ಎಡಗಿವಿ ಕೆಳಗೆ."

ನೋಡಿದೆ. ಮುಖ ಕತ್ತರಿಸಿ ಅಂಟಿಸಿದ ಕಡೆ, ಕಿವಿಯ ಕೆಳಗೆ ಕೂದಲೆಳೆಯಷ್ಟು ಬಿಳಿ ಅಂಚು ಉಳಿದಿತ್ತು.

"ಈ ಅಂಚನ್ನ ಆರು ವರ್ಷದಿಂದ ನಾನೇ ತಿದ್ದಿಕೊಡ್ತಾ ಇದೀನಿ. ಅವನಿಗೆ ಎಡಗಡೆ ಕತ್ತರಿಸಕ್ಕೆ ಬರಲ್ಲ. ಎಷ್ಟು ಸಲ ಹೇಳಿಕೊಟ್ಟಿದೀನಿ."

ಯಾರು ಎಂದು ಅವಳು ಹೆಸರು ಹೇಳುವ ಮೊದಲೇ ನನಗೆ ತಿಳಿಯಿತು. ಮದುವೆ ಸಮಾರಂಭಗಳ ಫೋಟೋ ತೆಗೆಯುವವನೊಬ್ಬ ನಮ್ಮಲ್ಲಿಗೆ ಆಲ್ಬಂ ಮಾಡಿಸಲು ಬರುತ್ತಿದ್ದ. ಹಾರುವ ಕ್ಯಾಮೆರಾ ಕೊಂಡಾಗಿನಿಂದ ಅವನನ್ನು ನಾವೆಲ್ಲ ಡ್ರೋನು ಎಂದೇ ಕರೆಯುತ್ತಿದ್ದೆವು. ಅವಳನ್ನು ಬಾಯಿ ತುಂಬ "ಸಿಸ್ಟರ್" ಎನ್ನುತ್ತಿದ್ದ, ಬಂದಾಗಲೆಲ್ಲ ಬಿಸ್ಕತ್ತು ತರುತ್ತಿದ್ದ. ಚಿತ್ರದಲ್ಲಿದ್ದ ಅವಳ ಮುಖವೂ ನಮ್ಮ ಬಾಗಿಲಲ್ಲಿ ಮಾದರಿಗೆಂದು ತೂಗುಹಾಕಿದ್ದ ಫೋಟೋದ್ದೇ. ಅದಕ್ಕೆ ಫ್ರೇಮು ಹಾಕಿದವನು ನಾನು. ಅಡ್ಡ ಬೆಳಕು ಬೀಳದ ಜಾಗ ನೋಡಿ, ನೋಡುವವರಿಗೆ ಚೆನ್ನಾಗಿ ಕಾಣಲಿ ಎಂದು ತೂಗುಹಾಕಿದವನೂ ನಾನೇ.

ಯಜಮಾನರು ಕೇಳಿ ತಲೆ ಕೆರೆದುಕೊಂಡರು. ಅಂಗಡಿಯ ಆಲ್ಬಂ ಕೆಲಸದಲ್ಲಿ ಅರ್ಧ ಡ್ರೋನಿನದ್ದು. "ಕತ್ತು ನೋಡಿ ಕಳ್ಳನ್ನ ಹಿಡೀತಾರೇನಮ್ಮ? ಯಾರು ನಂಬ್ತಾರೆ?" ಎಂದರು. ಆದರೂ ಅವನು ಬಂದಾಗ, ಹಾವೂ ಸಾಯದ ಹಾಗೆ ಕೋಲೂ ಮುರಿಯದ ಹಾಗೆ, "ಕಣ್ಣಕ್ಕಂಗೆ ಯಾರೋ ಫೋನಲ್ಲಿ ತೊಂದ್ರೆ ಕೊಡ್ತಿದಾರಂತಪ್ಪ" ಎಂದಷ್ಟೇ ಹೇಳಿದರು. ಚಿತ್ರ ಎಂದು ಅವರು ಹೇಳಿರಲಿಲ್ಲ. ಅವನು ಆಗಲೇ ಜೇಬಿನಿಂದ ಫೋನು ತೆಗೆದು, "ಬೇಕಾದ್ರೆ ನನ್ನ ಫೋಟೋಗಳನ್ನೆಲ್ಲ ನೋಡ್ಕೊಳಿ ಸಾರ್" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದನ್ನು ನಾನು ಕಣ್ಣಾರೆ ಕಂಡದ್ದು ಅವತ್ತೇ. ಆಮೇಲೆ ಒಳಗಿನ ಕೋಣೆಯ ಬಾಗಿಲಿಗೆ ಹೋಗಿ, "ಸಿಸ್ಟರ್, ಯಾರು ಅಂತ ಹೇಳಿ, ನಾನು ನೋಡ್ಕೋತೀನಿ" ಎಂದ. ನನ್ನ ಕೈಯಲ್ಲಿ ಸುತ್ತಿಗೆ ಇತ್ತು. ಆದರೆ ನಾನು ಮೊಳೆಯನ್ನೇ ಹೊಡೆಯುತ್ತಿದ್ದೆ. ಅದನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಅವಳು ಠಾಣೆಗೆ ಹೋದಳು, ನಾನೂ ಜೊತೆಗಿದ್ದೆ. ಅಲ್ಲಿದ್ದ ಅಧಿಕಾರಿ ಹೆಂಗಸು, ಒಳ್ಳೆಯ ಮಾತಿನಲ್ಲೇ ಕೂರಿಸಿ ಕೇಳಿದರು.

"ಮುಂಚೆ ಬಂದಿದ್ದೆಲ್ಲ ಇಟ್ಟಿದೀರಾ?"

"ಇಲ್ಲ ಮೇಡಂ, ಅಳಿಸಿದೆ."

"ಒಂದನ್ನೂ ಉಳಿಸಿಲ್ವಾ?"

"ಎಲ್ಲರೂ ಅಳಿಸು ಅಂದ್ರು," ಎಂದಳು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ವಾಸಿಯಿತ್ತು.

ಡ್ರೋನಿನ ಹೆಸರನ್ನೂ ಹೇಳಿದೆವು, ಬರೀ ಕತ್ತಿನ ಅಂಚು ಸಾಕ್ಷಿಗೆ ಸಾಲದು ಎಂದರು. ಉಳಿದಿದ್ದ ಒಂದು ಚಿತ್ರದ ನಂಬರನ್ನು ಹಿಡಿದು ಹೊರಟರೆ ಅದು ಎಲ್ಲೋ ಒಂದು ಮುದುಕಿಯ ಹೆಸರಿನಲ್ಲಿತ್ತು, ಮುದುಕಿಗೆ ಫೋನೇ ಇರಲಿಲ್ಲ. ವಿಚಾರಣೆ ನಡೆಯುತ್ತಿದೆ ಎಂದರು. ಈಗಲೂ ನಡೆಯುತ್ತಿದೆ ಎಂದೇ ಅನ್ನುತ್ತಾರೆ.

ಅಲ್ಲಿಂದ ಮುಂದೆ ಅವಳ ಕೈಯ ಹದ ಹೋಯಿತು. ಫೋನು ಟಿಂಗ್ ಎಂದರೆ ಹೆಗಲು ಮೇಲಕ್ಕೆ ಹೋಗುತ್ತಿತ್ತು. ತೆರೆಯಲು ಬೆರಳು ತೆಗೆದುಕೊಂಡು ಹೋಗಿ ವಾಪಸು ತರುತ್ತಿದ್ದಳು. ಫೋಟೋದವರ ಜೊತೆ ಮಾತು ನಿಂತಿತು. ಒಂದು ಮಧ್ಯಾಹ್ನ ನಿಜವಾದ ಗಿರಾಕಿಯ ಫೋಟೋ, ಗಡ್ಡದ ಅಜ್ಜ ಪಾಪ, ಬನಿಯನ್ನಿನಲ್ಲಿ ಕೂತದ್ದು, ತೆರೆದವಳೇ ಬರಿ ತೋಳು ಕಂಡು ಫೋನನ್ನು ನೆಲಕ್ಕೆ ಬೀಳಿಸಿದಳು. ಆಮೇಲೆ ಅಜ್ಜನ ಕ್ಷಮೆ ಕೇಳಿದಳು, ಆ ಫೋಟೋದ ಹತ್ತಿರವೇ. ಕೆಲಸ ಬಿಡಲು ಅವಳಿಗೆ ಮನಸ್ಸಿರಲಿಲ್ಲ. "ಹದಿನಾಲ್ಕು ವರ್ಷ ಕಲ್ತಿದ್ದು ಅಣ್ಣ, ಇದು ಬಿಟ್ಟು ನಂಗೆ ಇನ್ನೇನೂ ಬರಲ್ಲ" ಎಂದಳು.

ಆಗ ನಾನೊಂದು ಉಪಾಯ ಮಾಡಿದೆ. ಊರಿಗೆಲ್ಲ ಬುದ್ಧಿ ಹೇಳುವ ಬಾಯಿ ಸುಮ್ಮನಿರುತ್ತದೆಯೇ. ಬಂದ ಚಿತ್ರ ತಾನಾಗಿ ತೆರೆದುಕೊಳ್ಳದ ಹಾಗೆ, ಮಸುಕಾಗಿ ನಿಲ್ಲುವ ಹಾಗೆ ಫೋನನ್ನು ಹೊಂದಿಸಿದೆ. "ದಿನಾ ಬೆಳಿಗ್ಗೆ ಫೋನು ನಂಗೆ ಕೊಡು. ಗೊತ್ತಿಲ್ಲದ ನಂಬರಿಂದ ಏನೇ ಬಂದ್ರೂ ನೋಡದೇನೇ ಅಳಿಸಿ, ನಂಬರ್ ತಡೆದು ಕೊಡ್ತೀನಿ. ಬೇಕಾದವರು ಅಂಗಡಿಗೇ ಬರ್ಲಿ" ಎಂದೆ.

"ಅಷ್ಟರಲ್ಲಿ ಯಾರದ್ದಾದ್ರೂ ನಿಜವಾದ್ದಿದ್ರೆ?" ಎಂದಳು.

"ಬೇಕಾದವರು ಬರ್ತಾರಮ್ಮ, ಕಾಲು ಇಲ್ವಾ?"

ಅವಳು ಬಹಳ ಹೊತ್ತು ಯೋಚಿಸಿ ಫೋನು ಕೊಟ್ಟಳು. ಆ ಮೂರು ತಿಂಗಳು ಅವಳು ಸ್ವಲ್ಪ ಉಸಿರಾಡಿದಳು, ಸುಳ್ಳಲ್ಲ. ನಾನು ಕನ್ನಡಕ ಏರಿಸಿಕೊಂಡು, ಉಸಿರು ತಾಗಿ ಮಂಜಾದ ಗಾಜಿನ ಹಾಗೆ ಕಾಣುವ ಆ ಮಸುಕು ಚೌಕಗಳನ್ನು ಒಂದೊಂದಾಗಿ ಒರೆಸಿ ಹಾಕುತ್ತಿದ್ದೆ. ದೊಡ್ಡ ಕೆಲಸ ಮಾಡಿದ ಹೆಮ್ಮೆ ಬೇರೆ. ಬೋರ್ಡಿನ ಮೇಲಿನ ನಂಬರು ಮಾತ್ರ ಹಾಗೇ ಇತ್ತು. ಅಳಿಸಿ ಎಂದು ಯಜಮಾನರಿಗೆ ಹೇಳಿದ್ದೆವು, ಪೇಂಟರು ಬರಲಿ ಎಂದಿದ್ದರು. ನನ್ನ ಮೇಜಿನ ಕೆಳಗೇ ಫ್ರೇಮಿಗೆ ಹಚ್ಚುವ ಕಪ್ಪು ಬಣ್ಣದ ಡಬ್ಬಿಯೂ ಬ್ರಷ್ಷೂ ಇತ್ತು. ಒಂದು ಏಣಿ ಹಾಕಿದ್ದರೆ ಐದು ನಿಮಿಷದ ಕೆಲಸ. ಅದು ಹೊಳೆಯಲಿಲ್ಲ ಎಂದರೆ ಯಾರೂ ನಂಬುವುದಿಲ್ಲ, ಆದರೆ ಹೊಳೆಯಲಿಲ್ಲ.

ಒಂದು ದಿನ ಶಾಲೆಯೊಂದರಲ್ಲಿ ಕಸ ಗುಡಿಸುವ ಹೆಂಗಸು ಬಂದಳು. ಐವತ್ತರ ಆಚೀಚೆ, ಒಗೆದು ಒಗೆದು ತೆಳ್ಳಗಾದ ಸೀರೆ. ಜೊತೆಗೆ ಇಪ್ಪತ್ತೈದರ ಮಗ. ಎಲ್ಲರ ಹಾಗೆ ಅವಳೂ ಕಣ್ಣಕ್ಕ ಇದ್ದಾರಾ ಎಂದು ಕೇಳಿದಳು. ಕಣ್ಣಕ್ಕ ಹೊರಗೇ ಇದ್ದಳು.

"ನಮ್ಮೋರ ಫೋಟೋ ಆಯ್ತಾ ಅಂತ ಕೇಳಕ್ಕೆ ಬಂದೆ ಅಕ್ಕ."

"ಯಾವ ಫೋಟೋ ಅಮ್ಮ?"

"ಕಳಿಸಿದ್ದೆನಲ್ಲ, ಬೋರ್ಡ್ ನೋಡಿ. ಪಕ್ಕದ ಮನೆ ಹುಡುಗಿ ಕೈಲಿ, ನಮ್ಮೋರ ಫೋನಿಂದ್ಲೇ ಕಳಿಸ್ದೆ. ಎರಡು ಟಿಕ್ಕು ಬಂದ್ರೆ ತಲುಪಿದೆ ಅಂತ ಅರ್ಥ ಅಂತೆ. ಎರಡೂ ಬಂದಿತ್ತು."

ಗಂಡ ತೀರಿಕೊಂಡು ಒಂದೂವರೆ ತಿಂಗಳಾಗಿತ್ತು. ಸಾಮಾನು ಸಾಗಿಸುವ ಕೆಲಸದವನು, ಫೋಟೋ ಎಂದರೆ ಮುಖ ತಿರುಗಿಸುತ್ತಿದ್ದವನು. ಜೊತೆಯವರೊಬ್ಬರು ಯಾವತ್ತೋ ಅವನದೇ ಫೋನಿನಲ್ಲಿ ತೆಗೆದ ಒಂದೇ ಒಂದು ಫೋಟೋ ಇತ್ತು. ಆ ಫೋನು ಆಗಲೋ ಈಗಲೋ ಎನ್ನುತ್ತಿತ್ತು. ಅದು ಪೂರ್ತಿ ಹಾಳಾಗುವ ಮೊದಲು ಫೋಟೋವನ್ನು ಭದ್ರವಾದ ಕಡೆ ಸೇರಿಸಬೇಕೆಂದು ನಮಗೆ ಕಳಿಸಿದ್ದಳು. ಮೂರನೆಯ ದಿನಕ್ಕೆ ಫೋನು ಸತ್ತಿತು. ರಿಪೇರಿಯವನು ಒಳಗೆಲ್ಲ ಸುಟ್ಟುಹೋಗಿದೆ, ಏನೂ ಸಿಗುವುದಿಲ್ಲ ಎಂದನಂತೆ. ಇವಳು ಜ್ವರ ಹಿಡಿದು ಮಲಗಿದ್ದಳು. ಹೇಗೂ ಸ್ಟುಡಿಯೋದವರ ಹತ್ತಿರ ಇದೆಯಲ್ಲ ಎಂದು ನಿಶ್ಚಿಂತೆಯಿಂದ ಇದ್ದಳು.

"ಅದ್ರಲ್ಲಿ ಕಣ್ಣು ಮುಚ್ಚಿದ್ರು ಅವ್ರು," ಎಂದಳು. "ಅದಕ್ಕೇ ನಿಮ್ಗೆ ಕಳಿಸಿದ್ದು. ಮಗನ್ನ ಕರ್ಕೊಂಡು ಬಂದಿದೀನಿ. ಇವನ ಕಣ್ಣು ಥೇಟ್ ಅವರದ್ದೇ."

ನನ್ನ ಕೈಯಲ್ಲಿದ್ದ ಗಾಜು ಕೊಯ್ಯುವ ಕಡ್ಡಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಕಣ್ಣಕ್ಕ ಒಂದು ಕ್ಷಣ ನನ್ನನ್ನು ನೋಡಿದಳು. ಬೈಗುಳದ ನೋಟವಲ್ಲ. ಕೊಳೆತ ಹಲಗೆಯ ಮೇಲೆ ಕಾಲಿಟ್ಟವರ ಮುಖ ಹೇಗಾಗುತ್ತದೋ ಹಾಗಾಗಿತ್ತು ಅವಳ ಮುಖ. ಆಮೇಲೆ ಆ ಹೆಂಗಸಿನ ಕಡೆ ತಿರುಗಿ, "ನನ್ನ ತಪ್ಪಿನಿಂದ ಅದು ಅಳಿಸಿಹೋಗಿದೆ ಅಮ್ಮ" ಎಂದಳು. ಅಳಿಸಿದ್ದು ನಾನು ಎನ್ನಲು ಬಾಯಿ ತೆರೆಯದೆ, ನಾನು ಬಗ್ಗಿ ಬಿದ್ದ ಕಡ್ಡಿ ಹುಡುಕತೊಡಗಿದೆ. ಬೇಡದ ಕಡೆಯೆಲ್ಲ ಓಡಾಡಿದ ಬಾಯಿ ಅದು.

ಮಗನಿಗೆ ಸಿಟ್ಟು ಬಂತು. "ಕಳಿಸಿದ್ದನ್ನ ನೋಡೋದೇ ಇಲ್ಲ ಅಂದ್ರೆ ಬೋರ್ಡ್ ಯಾಕೆ ಹಾಕ್ಕೊಂಡಿದೀರಾ?" ಎಂದು ಕೇಳಿದ. ಅವನು ಕೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ತಾಯಿ ಅವನ ತೋಳು ಹಿಡಿದು ಸುಮ್ಮನಾಗಿಸಿದಳು.

ಕಣ್ಣಕ್ಕ ಬಿಡಲಿಲ್ಲ. ನನ್ನಿಂದ ಫೋನು ಇಸಿದುಕೊಂಡು, ಗೊತ್ತಿದ್ದವರನ್ನೆಲ್ಲ ಕೇಳಿ, ಎರಡು ರಿಪೇರಿ ಅಂಗಡಿ ಅಲೆದು ಬಂದಳು. ಎಲ್ಲೂ ಇರಲಿಲ್ಲ. ಆಮೇಲೆ ಆ ಹೆಂಗಸಿನ ಮನೆಯಿಂದ ಗಂಡನ ಹಳೆಯ ಗುರುತಿನ ಚೀಟಿ ತರಿಸಿದಳು. ಅಂಗಿಯ ಜೇಬಿನಲ್ಲಿ ಬೆವರಿಗೆ ಬೆಂದು ಆ ಫೋಟೋದಲ್ಲಿ ಉಳಿದದ್ದು ಒಂದು ಕಿವಿ ಮತ್ತು ಕಾಲರು ಮಾತ್ರ. ಮಗನನ್ನು ಕೂರಿಸಿ ಫೋಟೋ ತೆಗೆದಳು. ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೂಗು ಇನ್ನೂ ಅಗಲವಾ, ಗಲ್ಲದಲ್ಲಿ ಗುಳಿ ಇತ್ತಾ, ನಗುವಾಗ ಯಾವ ಕಡೆ ಹಲ್ಲು ಕಾಣ್ತಿತ್ತು ಎಂದು ಕೇಳಿ ಕೇಳಿ ನಾಲ್ಕು ದಿನ ಕೆಲಸ ಮಾಡಿದಳು. ಆ ನಾಲ್ಕು ದಿನ ಮತ್ತೆ ಅವಳು ಫೋಟೋದ ಜೊತೆ ಮಾತಾಡುತ್ತಿದ್ದುದು ನನಗೆ ಕೇಳಿಸಿತು. "ಬನ್ನಿ, ಬನ್ನಿ, ಇನ್ನೊಂಚೂರು ಈ ಕಡೆ ತಿರುಗಿ." ನಾನು ತೇಗದ ಮರದ ಫ್ರೇಮು ಮಾಡಿಟ್ಟೆ, ನನ್ನ ಕೈಯಲ್ಲಿ ಆದಷ್ಟು ಚೆನ್ನಾಗಿ.

ಐದನೆಯ ದಿನ ಆ ಹೆಂಗಸು ಬಂದು ಫ್ರೇಮನ್ನು ಎರಡು ಕೈಯಲ್ಲಿ ಹಿಡಿದು ನೋಡಿದಳು. ಬೆಳಕಿಗೆ ಹಿಡಿದು ನೋಡಿದಳು. ಕಣ್ಣಕ್ಕ ಅವಳ ಮುಖವನ್ನೇ ನೋಡುತ್ತ ಬಾಗಿಲಿಗೆ ಒರಗಿ ನಿಂತಿದ್ದಳು.

"ತುಂಬ ಚೆನ್ನಾಗಿದೆ ಅಕ್ಕ," ಎಂದಳು ಆಕೆ. "ಇದು ನಮ್ಮ ಮಗ, ವಯಸ್ಸಾದ್ಮೇಲೆ."

ಬೇಜಾರು ಮಾಡಿಕೊಳ್ಳಬೇಡಿ ಎಂದು ಇವಳಿಗೇ ಸಮಾಧಾನ ಹೇಳಿ, ಫ್ರೇಮನ್ನು ನನ್ನ ಮೇಜಿನ ಮೇಲೆ ಮೆಲ್ಲಗೆ ಇಟ್ಟು ಹೊರಟುಹೋದಳು. ಕಣ್ಣಕ್ಕ ಒಳಗೆ ಹೋಗಿ ಕಂಪ್ಯೂಟರು ಆರಿಸಿ, ಬ್ಯಾಗು ತೆಗೆದುಕೊಂಡು ಬಂದಳು.

"ಅವನು ಕಳಿಸಿದ್ದೆಲ್ಲ ನೋಡಿದೆ ಅಣ್ಣ," ಎಂದಳು. "ಇವರದ್ದೊಂದು ನೋಡಕ್ಕೆ ಆಗಲಿಲ್ಲ."

ಮಾರನೆಯ ದಿನದಿಂದ ಬರಲಿಲ್ಲ. ಸಂಜೆಯವರೆಗೆ ಕಾದು, ನಾನು ಏಣಿ ತೆಗೆದುಕೊಂಡು ಹೋಗಿ ಬೋರ್ಡಿನ ಮೇಲಿನ ನಂಬರಿಗೆ ಕಪ್ಪು ಬಣ್ಣ ಬಳಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವುದು ನನ್ನಂಥವನನ್ನು ನೋಡಿಯೇ. ಡ್ರೋನು ಈಗಲೂ ಬರುತ್ತಾನೆ. ಅವನ ಆಲ್ಬಂಗಳಲ್ಲಿ ಎಡಗಿವಿಯ ಕೆಳಗಿನ ಬಿಳಿ ಅಂಚನ್ನು ತಿದ್ದುವವರು ಯಾರೂ ಇಲ್ಲ, ಹಾಗೇ ಹೋಗುತ್ತವೆ, ಯಾರಿಗೂ ಗೊತ್ತಾಗುವುದಿಲ್ಲ. ಅವನ ಫ್ರೇಮಿನ ಕೆಲಸ ನಾನು ಮುಟ್ಟುವುದಿಲ್ಲ. ಯಜಮಾನರು ಎಷ್ಟು ಕೂಗಾಡಿದರೂ ಅಷ್ಟು ಮಾತ್ರ ನಾನು ಮಾಡಿದ್ದು, ಅದೂ ತಡವಾಗಿ.

ಕಣ್ಣಕ್ಕ ಈಗ ಒಂದು ಬಟ್ಟೆ ಗೋದಾಮಿನಲ್ಲಿ ಅಂಗಿ ಮಡಿಸಿ ಚೀಟಿ ಅಂಟಿಸುತ್ತಾಳೆ. ಒಮ್ಮೆ ನೋಡಿಬಂದೆ. ಕೈಯಲ್ಲಿ ಗುಂಡಿ ಒತ್ತುವ ಸಣ್ಣ ಫೋನು, ಚಿತ್ರ ಬರದಂಥದ್ದು. "ಹೇಗಿದೀಯಮ್ಮ?" ಎಂದೆ. "ಅಂಗಿಗೆ ಮುಖ ಇರಲ್ಲ ಅಣ್ಣ, ಆರಾಮಾಗಿದೀನಿ" ಎಂದಳು. ಮಾತಾಡುತ್ತಲೇ ಮಡಿಸುತ್ತಿದ್ದಳು. ಅಂಗಿಯ ಕತ್ತಿನ ಹತ್ತಿರ ಬಂದಾಗ ಬೆರಳು ನಿಂತು, ಅಲ್ಲಿ ಏನೋ ಸರಿ ಮಾಡುವ ಹಾಗೆ ಎರಡು ಸಲ ಸವರಿ ಮುಂದೆ ಹೋಗುತ್ತಿತ್ತು.

ಆ ಶಾಲೆಯ ಹೆಂಗಸು ಮಾತ್ರ ಆಗಾಗ ಅಂಗಡಿಗೆ ಬರುತ್ತಿದ್ದಳು. ಎರಡು ಟಿಕ್ಕು ಬಂದ ಮೇಲೆ ಫೋಟೋ ಎಲ್ಲೋ ಇರಲೇಬೇಕು ಎನ್ನುವುದು ಅವಳ ನಂಬಿಕೆ. "ಸಿಕ್ತಾ?" ಎಂದು ಕೇಳುತ್ತಿದ್ದಳು, ನಾನು "ಹುಡುಕ್ತಾ ಇದೀವಮ್ಮ" ಎನ್ನುತ್ತಿದ್ದೆ. ಹೋದ ತಿಂಗಳು ಮೂರನೆಯ ಸಲ ಬಂದಾಗ ನನ್ನಿಂದ ಆಗಲಿಲ್ಲ. ಸ್ಟೂಲು ಎಳೆದು ಕೂರಿಸಿದೆ.

"ಅದು ಕಣ್ಣಕ್ಕನ ತಪ್ಪಲ್ಲಮ್ಮ. ಅವಳಿಗೆ ಯಾರೋ ಹೊಲಸು ಚಿತ್ರ ಕಳಿಸ್ತಾ ಇದ್ದ. ಅದಕ್ಕೆ ಗೊತ್ತಿಲ್ಲದ ನಂಬರಿಂದ ಬಂದಿದ್ದನ್ನೆಲ್ಲ ನಾನು ಅಳಿಸ್ತಾ ಇದ್ದೆ. ನಿಮ್ಮನೆಯವರ ಫೋಟೋ ಅಳಿಸಿದ್ದು ನಾನು."

ಬೈಯಲಿ ಎಂದು ಕಾದೆ. ಬೈದರೆ ಸಾಕು ಎನಿಸಿತ್ತು. ಆಕೆ ನನ್ನ ಮೇಜಿನ ಮೇಲಿನ ಕಂಬಳಿಯ ಸುಕ್ಕನ್ನು ಕೈಯಿಂದ ಸವರಿ ಸರಿಮಾಡಿದಳು. ಆಮೇಲೆ ತಲೆ ಎತ್ತಿದಳು.

"ಅಳಿಸೋ ಮುಂಚೆ ಒಂದ್ಸಲ ನೋಡಿದ್ರಾ ಅವರನ್ನ?"

"ಇಲ್ಲಮ್ಮ."

"ಒಂದ್ಸಲನೂ?"

"ಇಲ್ಲ. ಮಸುಕಾಗಿ ಕಂಡಿರತ್ತೆ. ಯಾವುದು ಅಂತ ಗೊತ್ತಿಲ್ಲ."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು.

"ಆ ಅಕ್ಕ ಆಗಿದ್ರೆ ನೋಡಿರೋರು," ಎಂದಳು.

ಹೌದು, ನೋಡಿರುತ್ತಿದ್ದಳು ಎಂದೆ. ಆಕೆ ಎದ್ದು, ಸ್ಟೂಲನ್ನು ಮೊದಲಿದ್ದ ಜಾಗಕ್ಕೆ ಸರಿಸಿಟ್ಟು, ಶಾಲೆ ಬಿಡುವ ಹೊತ್ತಾಯಿತು ಎಂದು ಹೊರಟಳು.